ಮೊದಲು ಬಾಲ, ಕೊನೆಗೆ ಎಂಜಿನ್!

ಹಿಂದೂಪುರ/ಕಲ್ಯಾಣದುರ್ಗ: ಕಲ್ಯಾಣದುರ್ಗದ ಕಡೆ ಬೋರ್ ಕೊರೆಸುವ ರೈತ ಮೋಟಾರನ್ನು ಮೊದಲೇ ತಂದಿಟ್ಟುಕೊಳ್ಳುವುದಿಲ್ಲ. ‘ಮೊದ್ಲು ನೀರು ಬೀಳ್ಲಿ, ಆಮೇಲೆ ಮೋಟ್ರು ನೋಡಾಣ’ ಎಂಬುದು ಈ ಭಾಗದ ಲೆಕ್ಕ. ಎಷ್ಟು ಅಡಿಗೆ ನೀರು ಸಿಕ್ಕಿತು, ಎಷ್ಟು ಇಂಚು ಬಂತು ಎಂದು ತಿಳಿಯದೆ ಎಷ್ಟು ಎಚ್‌ಪಿ ಮೋಟಾರು ಬೇಕೆಂದು ಹೇಳುವುದಾದರೂ ಹೇಗೆ? ಮಳೆ ಕೈಕೊಡುವ ಸೀಮೆಯ ಈ ಜಾಣತನವೇ ಮನೆಯಲ್ಲಿ ವಿಮಾನ ಕಟ್ಟುವವರಿಗೂ ಪಾಠ!

ಹೌದು, ಮನೆಯ ಶೆಡ್ಡಿನಲ್ಲೇ ಪುಟ್ಟ ವಿಮಾನ ಕಟ್ಟುವ ಹವ್ಯಾಸಿಗಳು ಜಗತ್ತಿನಲ್ಲಿ ಸಾವಿರಾರು ಮಂದಿ ಇದ್ದಾರೆ. ಕಂಪನಿಯವರು ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿ ತುಂಬಿ ‘ಕಿಟ್’ ಎಂದು ಮಾರುತ್ತಾರೆ. ತಂದು ಜೋಡಿಸುವುದು ಕೊಂಡವರ ಕೆಲಸ. ಇಂಗ್ಲೆಂಡಿನಲ್ಲಿ ನೆಲೆಸಿರುವ ಕೇರಳ ಮೂಲದ ಎಂಜಿನಿಯರೊಬ್ಬರು ಕೊರೊನಾ ಲಾಕ್‌ಡೌನ್ ಕಾಲದಲ್ಲಿ ದಕ್ಷಿಣ ಆಫ್ರಿಕಾದ ‘ಸ್ಲಿಂಗ್’ ಕಿಟ್ ತರಿಸಿ 4 ಆಸನದ ವಿಮಾನ ಕಟ್ಟಿದರು. 2022ರ ಹೊತ್ತಿಗೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಅದರಲ್ಲಿ ಹಾರಾಡಿದ ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂದಿತ್ತು.

ಹಿಂದೂಪುರದವರಿಗೆ ಇದು ಅಷ್ಟೇನೂ ದೂರದ ಮಾತಲ್ಲ. ಬೆಂಗಳೂರಿನ ರೈಲು ಹತ್ತಿದರೆ ಗೌರಿಬಿದನೂರು, ದೊಡ್ಡಬಳ್ಳಾಪುರ ದಾಟಿ ಸಿಗುವ ಯಲಹಂಕದಲ್ಲಿ 1996ರಿಂದ ಏರೋ ಇಂಡಿಯಾ ಪ್ರದರ್ಶನ ನಡೆದುಕೊಂಡು ಬಂದಿದೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ (ಎನ್‌ಎಎಲ್) 1987ರಲ್ಲಿ ಹಾರಿಸಿದ ಹಗುರ ವಿಮಾನಕ್ಕೆ ಮಾದರಿಯಾಗಿದ್ದುದು ಅಮೆರಿಕದ ಹವ್ಯಾಸಿಗಳು ಮನೆಯಲ್ಲೇ ಕಟ್ಟುತ್ತಿದ್ದ ‘ಲಾಂಗ್ ಈಝಿ’ ವಿಮಾನವೇ. ಬೆಂಗಳೂರಿನ ರಾಜಹಂಸ ಅಲ್ಟ್ರಾಲೈಟ್ಸ್ ಸಂಸ್ಥೆಯ ‘ಎಕ್ಸ್-ಏರ್’ ಕಿಟ್‌ಗಳಂತೂ ಯುರೋಪಿಗೂ ರಫ್ತಾಗಿವೆ.

ಬಾಲವೇ ಯಾಕೆ ಮೊದಲು?

ಅಮೆರಿಕದ ವ್ಯಾನ್ಸ್ ಕಂಪನಿಯ ಕಿಟ್‌ಗಳಿಂದ ಕಟ್ಟಿದ 11 ಸಾವಿರಕ್ಕೂ ಹೆಚ್ಚು ವಿಮಾನಗಳು ಹಾರಿವೆ. ಅದರ ಕಿಟ್ಟನ್ನು ಒಂದೇ ಸಲ ಕೊಳ್ಳಬೇಕೆಂದಿಲ್ಲ. ಬಾಲ, ರೆಕ್ಕೆ, ಒಡಲು, ಕೊನೆಯ ಹಂತದ ಸಾಮಾನು ಎಂದು ಕಂತಿನಲ್ಲಿ ತರಿಸಬಹುದು. ಎಂಜಿನ್, ಪ್ರೊಪೆಲ್ಲರ್, ಮೀಟರುಗಳು ಬೇರೆಯೇ ಲೆಕ್ಕ.

ಬಾಲ ಚಿಕ್ಕದು, ಬೆಲೆಯೂ ಕಡಿಮೆ. ಆದರೆ ತಗಡಿಗೆ ತೂತು ಕೊರೆಯುವುದು, ಅಂಚು ಉಜ್ಜುವುದು, ರಿವೆಟ್ ಹೊಡೆಯುವುದು ಎಲ್ಲವನ್ನೂ ಅದೇ ಕಲಿಸಿಬಿಡುತ್ತದೆ. ಒಂದು ತಗಡು ಕೆಟ್ಟರೂ ದೊಡ್ಡ ನಷ್ಟವಿಲ್ಲ. ಈ ಕೆಲಸ ತಮಗೆ ಒಗ್ಗುವುದಿಲ್ಲ ಎನ್ನಿಸಿದರೆ ಅಲ್ಲಿಗೇ ನಿಲ್ಲಿಸಬಹುದು. ಮನೆಯ ಉಳಿತಾಯವೆಲ್ಲ ಶೆಡ್ಡಿನಲ್ಲಿ ದೂಳು ತಿನ್ನುವುದು ತಪ್ಪುತ್ತದೆ.

ಆಮೇಲೆ ರೆಕ್ಕೆ. ಮುಗಿದ ರೆಕ್ಕೆಗಳನ್ನು ಗೋಡೆಗೆ ಒರಗಿಸಿ ಇಡಬಹುದು. ಒಡಲು ಹಾಗಲ್ಲ, ಬಂದರೆ ಶೆಡ್ಡಿನ ನಡುವೆ ಕೂತುಬಿಡುತ್ತದೆ. ಅದಕ್ಕೇ ಅದರ ಸರದಿ ರೆಕ್ಕೆಯ ನಂತರ. ಆದರೆ ನಮ್ಮಲ್ಲಿಗೆ ಹಡಗಿನಲ್ಲಿ ತರಿಸುವವರು ಸಾಗಣೆ ಮತ್ತು ಸುಂಕದ ಲೆಕ್ಕವನ್ನೂ ಹಾಕಬೇಕು. ಬಾಲವನ್ನು ಮಾತ್ರ ಬೇರೆ ತರಿಸಿ, ಕೈ ಪಳಗಿದ ಮೇಲೆ ರೆಕ್ಕೆ ಮತ್ತು ಒಡಲನ್ನು ಒಟ್ಟಿಗೆ ತರಿಸಿದರೆ ಸಾಗಣೆ ಖರ್ಚು ಉಳಿದೀತು.

ಆಯ್ಕೆ ಮೊದಲು, ದುಡ್ಡು ಕೊನೆಗೆ

ಎಂಜಿನ್, ಪ್ರೊಪೆಲ್ಲರ್, ಮೀಟರುಗಳೇ ಅನೇಕ ಸಲ ಒಟ್ಟು ಖರ್ಚಿನ ಅರ್ಧದಷ್ಟು ನುಂಗುತ್ತವೆ. ಆಸೆಗೆ ಬಿದ್ದು ಮೊದಲೇ ತಂದರೆ ಏನಾಗುತ್ತದೆ? ಓಡದ ಎಂಜಿನ್ನಿನ ಒಳಗೆ ತುಕ್ಕು ಹಿಡಿಯುತ್ತದೆ. ವಿಮಾನ ಹಾರುವ ಮೊದಲೇ ವಾರಂಟಿ ಮುಗಿಯಬಹುದು. ಹಗುರ ವಿಮಾನಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಆಸ್ಟ್ರಿಯಾದ ರೋಟಾಕ್ಸ್ ಎಂಜಿನ್ನಿನ ರಬ್ಬರ್ ಪೈಪುಗಳನ್ನು 5 ವರ್ಷಕ್ಕೊಮ್ಮೆ ಬದಲಿಸಬೇಕೆಂಬುದು ತಯಾರಕರದೇ ನಿಯಮ. ಮೀಟರುಗಳ ಕಥೆ ಮೊಬೈಲ್ ಫೋನಿನಂತೆ, ಎರಡು ವರ್ಷ ಕಳೆದರೆ ಹಳೇ ಮಾಡೆಲ್.

ಹಾಗೆಂದು ಯಾವ ಎಂಜಿನ್ ಎಂಬ ತೀರ್ಮಾನವನ್ನು ಮುಂದೂಡುವಂತಿಲ್ಲ. ಎಂಜಿನ್ ಕೂರಿಸುವ ಚೌಕಟ್ಟು, ಪೆಟ್ರೋಲ್ ಪೈಪು, ವೈರಿಂಗ್ ಎಲ್ಲವೂ ಅದನ್ನೇ ಅವಲಂಬಿಸಿವೆ. ಬೋರಿಗೆ ಹಾಕಿದ ಕೇಸಿಂಗ್ ಪೈಪಿನ ಅಳತೆಗೆ ತಕ್ಕ ಮೋಟಾರನ್ನೇ ಇಳಿಸಬೇಕಲ್ಲ, ಹಾಗೆ. ಆರ್ಡರ್ ಕೊಟ್ಟರೂ ಎಂಜಿನ್ ಕೈಗೆ ಬರಲು ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಒಡಲಿನ ಕೆಲಸ ಮುಗಿಯುವ ದಿನದಿಂದ ಹಿಂದಕ್ಕೆ ಎಣಿಸಿ ಆರ್ಡರ್ ಕೊಡುವುದೇ ಜಾಣತನ.

ಮುಂಗಡ ಕೊಟ್ಟವರ ಪಾಡು

ಎಲ್ಲವನ್ನೂ ಒಟ್ಟಿಗೆ ಬುಕ್ ಮಾಡುವುದರಲ್ಲಿ ಇನ್ನೊಂದು ಅಪಾಯವಿದೆ. ವ್ಯಾನ್ಸ್ ಕಂಪನಿಯೇ 2023ರ ಡಿಸೆಂಬರ್‌ನಲ್ಲಿ ಸಾಲಗಾರರಿಂದ ರಕ್ಷಣೆ ಕೋರಿ ನ್ಯಾಯಾಲಯದ ಮೆಟ್ಟಿಲೇರಿತು. ಲೇಸರ್‌ನಲ್ಲಿ ಕೊರೆದ ತೂತುಗಳ ಅಂಚಿನಲ್ಲಿ ಬಿರುಕು ಕಾಣಿಸಿದ್ದೂ ಅದಕ್ಕೆ ಒಂದು ಕಾರಣ. 2024ರಲ್ಲಿ ಕಂಪನಿ ಚೇತರಿಸಿಕೊಂಡಿತು, ನಿಜ. ಆದರೆ ಮುಂಗಡ ಕೊಟ್ಟು ಕಾಯುತ್ತಿದ್ದವರು ಹೆಚ್ಚಿದ ದರಕ್ಕೆ ಒಪ್ಪಬೇಕಾಯಿತು. ಈ ಹಂತಕ್ಕೆ ಬೇಕಾದಷ್ಟನ್ನೇ ಕೊಂಡು, ಮುಗಿಸಿ, ಮುಂದಿನದಕ್ಕೆ ಕೈಹಾಕಿದವರಿಗೆ ಪೆಟ್ಟು ಕಡಿಮೆ.

ಎಲ್ಲಕ್ಕಿಂತ ಮೊದಲು ಕಾಗದ

ನಮ್ಮ ದೇಶದಲ್ಲಿ ಬಾಲಕ್ಕಿಂತ ಮೊದಲು ನೋಡಿಕೊಳ್ಳಬೇಕಾದದ್ದು ಕಾಗದಪತ್ರ. ಮುಂಬೈನ ಪೈಲಟ್ ಅಮೋಲ್ ಯಾದವ್ ತಮ್ಮ ಕಟ್ಟಡದ ತಾರಸಿಯ ಮೇಲೆ ವಿಮಾನ ಕಟ್ಟಿ, 2016ರ ‘ಮೇಕ್ ಇನ್ ಇಂಡಿಯಾ’ ಪ್ರದರ್ಶನದಲ್ಲಿ ಇಟ್ಟಿದ್ದರು. ಅದಕ್ಕೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನೋಂದಣಿ ಸಿಕ್ಕಿದ್ದು 2017ರಲ್ಲಿ, ಹಾರಾಟಕ್ಕೆ ಅನುಮತಿ ಸಿಕ್ಕಿದ್ದು 2019ರಲ್ಲಿ. ವಿಮಾನವೇ ಬಂದು ನಿಂತಿದ್ದರೂ ಕಾಗದಕ್ಕಾಗಿ ವರ್ಷಗಟ್ಟಲೆ ಕಾಯಬೇಕಾಯಿತು. ಆ ಹೊತ್ತಿಗೆ ಎಂಜಿನ್ ಕೊಂಡಿಟ್ಟವರ ವಾರಂಟಿ ಏನಾದೀತು, ಊಹಿಸಿಕೊಳ್ಳಿ.

ಕೊಳ್ಳುವ ಕ್ರಮ ಹೀಗಿರಲಿ

* ನಿಯಮ, ನೋಂದಣಿ, ಪೈಲಟ್ ತರಬೇತಿಯ ವಿಚಾರಣೆ. ಇದಕ್ಕೆ ಓಡಾಟದ ಖರ್ಚು ಮಾತ್ರ.
* ಶೆಡ್ಡು, ಕಂಪ್ರೆಸರ್, ಡ್ರಿಲ್, ರಿವೆಟ್ ಸಾಮಾನು. ಕಟ್ಟಿದ್ದನ್ನು ಹೊರತರಲು ಬಾಗಿಲು ಸಾಕೇ ಎಂದು ಅಳೆದು ನೋಡುವುದು.
* ಬಾಲದ ಕಿಟ್.
* ರೆಕ್ಕೆ, ನಂತರ ಒಡಲು. ಎಂಜಿನ್ ಯಾವುದೆಂಬ ತೀರ್ಮಾನ ಇಷ್ಟರೊಳಗೆ ಆಗಿರಬೇಕು.
* ಎಂಜಿನ್, ಪ್ರೊಪೆಲ್ಲರ್.
* ಮೀಟರು, ರೇಡಿಯೊ. ಬಣ್ಣ ಕಟ್ಟಕಡೆಗೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ವಿಮಾನ ಕಟ್ಟುವವರಿಗೆ ಬೋರ್ ಕೊರೆಸಿದ ರೈತನ ಮಾತೇ ಸಾಕು: ಮೊದ್ಲು ನೀರು, ಆಮೇಲೆ ಮೋಟ್ರು.