ಹೊಟ್ಟೆನೋವಿನ ಬೆನ್ನಿಗೆ ಬರುವ ಮಧುಮೇಹ

ಸಿಹಿಯನ್ನು ಅತಿಯಾಗಿ ತಿನ್ನುವವರಿಗೂ ಸ್ಥೂಲಕಾಯರಿಗೂ ಮಾತ್ರ ಮಧುಮೇಹ ಬರುವುದೆಂದು ಜನರು ಭಾವಿಸುವುದುಂಟು. ಹಾಗಾದರೆ ಕೃಶಕಾಯನಾದ ಬಡ ತರುಣನಿಗೂ ಈ ರೋಗ ತಗಲುವುದೇಕೆ? ಇದಕ್ಕೆ ಒಂದು ಉತ್ತರವು ನಮ್ಮ ಉದರದಲ್ಲಿಯೇ ಅಡಗಿದೆ.

ಜಠರದ ಹಿಂಬದಿಯಲ್ಲಿ ಮೇದೋಜೀರಕವೆಂಬ ಗ್ರಂಥಿಯಿದೆ. ಅನ್ನವನ್ನು ಜೀರ್ಣಿಸುವ ರಸವನ್ನು ಕರುಳಿಗೆ ಹರಿಸುವುದು ಅದರ ಒಂದು ಕೆಲಸ. ಸಕ್ಕರೆಯ ಪ್ರಮಾಣವನ್ನು ಹತೋಟಿಯಲ್ಲಿಡುವ ಇನ್ಸುಲಿನನ್ನು ರಕ್ತಕ್ಕೆ ಸೇರಿಸುವುದು ಇನ್ನೊಂದು. ಪಿತ್ತಕೋಶದ ಕಲ್ಲು, ಮದ್ಯಪಾನ ಮೊದಲಾದ ಕಾರಣಗಳಿಂದ ಈ ಗ್ರಂಥಿಗೆ ಉರಿಯೂತ ಬಂದಾಗ, ಜೀರ್ಣರಸವು ಗ್ರಂಥಿಯನ್ನೇ ಜೀರ್ಣಿಸತೊಡಗುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ! ಮೇಲುಹೊಟ್ಟೆಯ ಘೋರವಾದ ನೋವು ಬೆನ್ನಿಗೂ ಹಬ್ಬುವುದು. ನೋವು ಶಮನವಾದ ಬಳಿಕವೂ ಇನ್ಸುಲಿನಿನ ಕೊರತೆ ಉಳಿಯಬಹುದು.

ಇಂತಹ ರೋಗ ಯಾರಿಗೆ, ಎಲ್ಲಿ, ಎಷ್ಟು ಮಂದಿಗೆ ಬರುವುದೆಂದು ಎಣಿಸಿ ನೋಡುವ ಶಾಸ್ತ್ರವೊಂದುಂಟು. 2014ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯು 24 ಅಧ್ಯಯನಗಳ 1,102 ರೋಗಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿತು. ಮೊದಲ ಸಲ ಈ ಉರಿಯೂತಕ್ಕೆ ತುತ್ತಾದವರಲ್ಲಿ ನೂರಕ್ಕೆ ಸುಮಾರು 15 ಮಂದಿಗೆ ಒಂದು ವರ್ಷದೊಳಗೇ ಮಧುಮೇಹ ಕಾಣಿಸಿಕೊಂಡಿತ್ತು. ಐದು ವರ್ಷಗಳಾಗುವಷ್ಟರಲ್ಲಿ ಅಪಾಯವು ಇಮ್ಮಡಿಯನ್ನೂ ಮೀರಿತ್ತು. ಬೇನೆ ಸೌಮ್ಯವಾಗಿತ್ತೆಂದು ನಿಶ್ಚಿಂತರಾಗಿರುವಂತಿಲ್ಲ.

ನಮ್ಮ ದೇಶದಲ್ಲಿ ಇದರ ಇನ್ನೊಂದು ರೂಪವಿದೆ. ಮದ್ಯವನ್ನು ಮುಟ್ಟದ ತರುಣರ ಮೇದೋಜೀರಕದಲ್ಲಿಯೂ ಸುಣ್ಣದ ಕಲ್ಲುಗಳು ಬೆಳೆದು ಮಧುಮೇಹ ಉಂಟಾಗುತ್ತದೆ. 1950ರ ದಶಕದಲ್ಲಿ ಇಂಡೊನೇಷ್ಯದಲ್ಲಿ ಜುಯಿಡೆಮಾ ಎಂಬ ವೈದ್ಯರು ಇದನ್ನು ವರ್ಣಿಸಿದರು. ಬಳಿಕ ಕೇರಳದಲ್ಲಿ ಡಾ. ಗೀವರ್ಗೀಸ್ ಅನೇಕ ರೋಗಿಗಳನ್ನು ಗುರುತಿಸಿದರು. ನಮ್ಮ ಪುಣೆಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಡಾ. ಚಿತ್ತರಂಜನ ಯಾಜ್ಞಿಕರೂ ಅವರ ಸಂಗಡಿಗರೂ ಇಂತಹ ರೋಗಿಗಳನ್ನು ಅಭ್ಯಸಿಸಿದರು.

ಕೇರಳದ ಬಡವರ ಆಹಾರವಾದ ಮರಗೆಣಸೇ ಇದಕ್ಕೆ ಕಾರಣವೆಂದು ಕೆಲವರು ಊಹಿಸಿದ್ದರು. ಆದರೆ ಪುಣೆಯಲ್ಲಿ ಮರಗೆಣಸು ನಿತ್ಯದ ಆಹಾರವಲ್ಲ. ಉಪವಾಸದ ದಿನ ಸಾಬೂದಾಣಿಯ ರೂಪದಲ್ಲಿ ಅದು ನಮ್ಮ ಬಾಣಲೆಗೆ ಬರುವುದಷ್ಟೆ. ಆದರೂ ಇಲ್ಲಿ ಆ ರೋಗವಿತ್ತು. ಹಾಗೆಯೇ 1985ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ಅಪೌಷ್ಟಿಕತೆಯಿಂದಾಗುವ ಮಧುಮೇಹವೆಂಬ ವರ್ಗಕ್ಕೆ ಸೇರಿಸಿತ್ತು. ಗ್ರಂಥಿ ಕೆಟ್ಟು ಅನ್ನ ಜೀರ್ಣವಾಗದೆ ದೇಹ ಸೊರಗಬಹುದಲ್ಲವೆ? ಕೃಶತೆಯು ರೋಗದ ಕಾರಣವೋ ಫಲವೋ ಎಂಬ ಸಂದೇಹ ಬಲವಾಯಿತು. 1999ರಲ್ಲಿ ಆ ವರ್ಗವನ್ನು ಕೈಬಿಟ್ಟು, ಇದನ್ನು ಮೇದೋಜೀರಕದ ವ್ಯಾಧಿಗಳಿಂದಾಗುವ ಮಧುಮೇಹಗಳಲ್ಲಿ ಸೇರಿಸಿದರು. ಕೆಲವರಲ್ಲಿ ವಂಶವಾಹಿಗಳ ಪಾತ್ರವೂ ಇರುವುದು ಅನಂತರ ತಿಳಿದುಬಂದಿತು.

ಹೆಸರಿನಿಂದೇನೆಂದು ಕೇಳಬಹುದು. ಈ ರೋಗಿಗಳಲ್ಲಿ ಅನೇಕರಿಗೆ ಇನ್ಸುಲಿನ್ ಬೇಕು. ಜೀರ್ಣರಸ ಸಾಲದಿದ್ದರೆ ಊಟದೊಡನೆ ಅದಕ್ಕೂ ಗುಳಿಗೆ ಬೇಕು. ಇಳಿದ ಸಕ್ಕರೆಯನ್ನು ಮೇಲೆತ್ತುವ ಗ್ಲೂಕಗಾನ್ ಎಂಬ ರಸವೂ ಇವರಲ್ಲಿ ಕುಗ್ಗಿರುವುದರಿಂದ, ಇನ್ಸುಲಿನ್ ಹೆಚ್ಚಾದರೆ ಪ್ರಾಣಾಪಾಯವೂ ಒದಗೀತು. ಆದುದರಿಂದ ಮನೆಯವರಲ್ಲಿ ಯಾರಿಗಾದರೂ ಹಿಂದೆ ಇಂತಹ ಬೇನೆ ಬಂದಿದ್ದರೆ, ಅದನ್ನು ಮರೆಯದೆ ವೈದ್ಯರಿಗೆ ತಿಳಿಸಿ ರಕ್ತಪರೀಕ್ಷೆ ಮಾಡಿಸೋಣ. ಮಧುಮೇಹಿಯನ್ನು ಕಂಡೊಡನೆ ಸಿಹಿ ತಿಂದು ರೋಗ ತಂದುಕೊಂಡನೆಂದು ದೂಷಿಸುವ ಅಭ್ಯಾಸವನ್ನೂ ಬಿಡೋಣ.