ಗಿಂಡಿಯ ಚೀನೀ ನೆಂಟರು

ಚಾವಡಿಯ ಮೂಲೆಯಲ್ಲಿರುವ ಕಂಚಿನ ಗಿಂಡಿಗೆ ಚೀನಾ ದೇಶದಲ್ಲಿ ನೆಂಟರುಂಟೆಂದರೆ ವಾಚಕರು ನಕ್ಕಾರು. ನಗುವ ಮಾತಲ್ಲ. ಕೊಳವೆಯುಳ್ಳ ಲೋಹದ ಕುಂಡಿಕೆ ಬೌದ್ಧ ಭಿಕ್ಷುಗಳೊಡನೆ ನಮ್ಮ ದೇಶದಿಂದ ಪೂರ್ವಕ್ಕೆ ಹೋಯಿತು. ಅಲ್ಲಿಯ ಕುಂಬಾರರು ಅದನ್ನು ಬಿಳಿ, ಹಸಿರು ಮೆರುಗಿನ ಮಣ್ಣಿನಲ್ಲಿ ಮಾಡಿದರು. ಮಲಯ ಭಾಷೆಯಲ್ಲಿ ಅಂಥ ಪಾತ್ರೆ 'ಕೆಂಡಿ'. ಮಲಯಾಳದಲ್ಲಿ 'ಕಿಂಡಿ', ನಮ್ಮಲ್ಲಿ 'ಗಿಂಡಿ'.

ಚೀನೀಯರು ತಮ್ಮ ಸ್ವಂತ ಕಂಚನ್ನು ಮಣ್ಣಿಗೆ ಇಳಿಸಿದ್ದರ ಹಿಂದೆ ಮಾತ್ರ ದೊಡ್ಡದೊಂದು ನಷ್ಟದ ಕಥೆಯಿದೆ. ಸುಮಾರು ಮೂರು ಸಾವಿರ ವರ್ಷಗಳ ಹಿಂದೆ ಷಾಂಗ್, ಚೌ ಅರಸರು ಪಿತೃಗಳ ಆರಾಧನೆಗಾಗಿ ಕಂಚಿನ ಪಾತ್ರೆಗಳನ್ನು ಎರಕ ಹೊಯ್ಯಿಸಿದ್ದರು. ಮೂರು ಕಾಲಿನ 'ತಿಂಗ್', ತುತ್ತೂರಿಯಂತೆ ಬಾಯಿ ಅರಳಿದ 'ಕು' ಮೊದಲಾದವು ಅವು. ಸುಂಗ್ ವಂಶದ ಚಕ್ರವರ್ತಿ ಹುಯಿತ್ಸುಂಗ್ ಇಂಥವನ್ನು ಕೂಡಿಹಾಕಿ, ಚಿತ್ರ ಸಹಿತ ಪಟ್ಟಿಯನ್ನೂ ಮಾಡಿಸಿದ. 1127ರಲ್ಲಿ ಜುರ್ಚೆನ್ ಸೈನ್ಯ ರಾಜಧಾನಿ ಕೈಫೆಂಗನ್ನು ಸೂರೆ ಮಾಡಿತು, ಹುಯಿತ್ಸುಂಗನೂ ಸೆರೆಯಾದ. ದಕ್ಷಿಣಕ್ಕೆ ಓಡಿ ಹ್ಯಾಂಗ್‌ಚೌನಲ್ಲಿ ನೆಲೆಯೂರಿದ ಆಸ್ಥಾನದಲ್ಲಿ ಆರಾಧನೆ ನಡೆಯಲೇಬೇಕು, ಪಾತ್ರೆಗಳಿಲ್ಲ. ಕುಂಬಾರನೇ ಗತಿ. ಕಂಚಿನ ಆಕಾರ ಉಳಿಯಿತು. ಮೈತುಂಬ ಇದ್ದ ಕೆತ್ತನೆ ಬಹುಮಟ್ಟಿಗೆ ಹೋಗಿ ಒಂದೇ ಬಣ್ಣದ ದಪ್ಪ ಮೆರುಗು ಬಂತು. ಮೆರುಗಿನಲ್ಲಿ ತುಸು ಕಬ್ಬಿಣದ ಅಂಶ, ಆವಿಗೆಯಲ್ಲಿ ಗಾಳಿಯ ಕೊರತೆ, 1,200 ಡಿಗ್ರಿಗೂ ಮಿಕ್ಕ ಶಾಖ ಸೇರಿದರೆ ಆ ಹಸಿರು. ಗಾಳಿ ಹೆಚ್ಚಾಯಿತೋ, ಹಸಿರು ಹೋಗಿ ಹಳದಿ-ಕಂದು!

ಹದಿನೆಂಟನೆಯ ಶತಮಾನದಲ್ಲಿ, ಚಿಯೆನ್‌ಲುಂಗ್ ಚಕ್ರವರ್ತಿಯ ಕಾಲಕ್ಕೆ, ಕಂಚಿನ ಹಳೆಯ ಬಣ್ಣವನ್ನೇ ಹೋಲುವ 'ಚಹಾ ಪುಡಿ' ಮೆರುಗೂ ಬಂತು. ಚಾತುರ್ಯ ದೊಡ್ಡದೇ. ಆದರೆ ಕಳಕೊಂಡವರು ಮಾಡಿದ ಪಾತ್ರೆಯ ಗಾಂಭೀರ್ಯ ಅದಕ್ಕಿಲ್ಲ.

ಹಸಿರು ಸಾಮಾನಿಗೆ ಹೆಸರಾದ ಊರು ಲುಂಗ್‌ಚುವಾನ್. ಅಲ್ಲಿಯ ಬಟ್ಟಲು, ತಟ್ಟೆಗಳು ಹಡಗೇರಿ ಹಿಂದೂ ಸಾಗರದ ತೀರಗಳಿಗೆಲ್ಲ ಹೋದವು. ನಮಗೆ ತೆಂಕಣದ ಏಳಿಮಲೆಯ ಬಳಿ ಚೀನೀ ಹಡಗುಗಳು ಬರುತ್ತಿದ್ದುದನ್ನು ಹದಿನಾಲ್ಕನೆಯ ಶತಮಾನದ ಪ್ರವಾಸಿ ಇಬ್ನ್ ಬತೂತ ಹೇಳಿದ್ದಾನೆ. ಹಂಪೆಯ ಉತ್ಖನನಗಳಲ್ಲಿ ಚೀನೀ ಪಿಂಗಾಣಿಯ ಚೂರುಗಳು ಸಿಕ್ಕಿವೆ. ಹಸಿರು ತಟ್ಟೆಗೆ ನಮ್ಮ ದೇಶದಲ್ಲಿ 'ಘೋರಿ' ಎಂಬ ಹೆಸರಿತ್ತು. ವಿಷವುಣಿಸಿದರೆ ತಟ್ಟೆ ಬಿರಿಯುವುದೆಂಬ ನಂಬಿಕೆ. ಪಿತೃಗಳ ಪಾತ್ರೆಯ ಒಡಹುಟ್ಟು ಇಲ್ಲಿ ಅರಸನ ಅಂಗರಕ್ಷಕನಾಯಿತು!

ಸೋಲಾಪುರದ ಕನ್ನಡಿಗರಿಗೆ ಚೀನೀ ಪಿಂಗಾಣಿ ನೋಡಲು ದೂರ ಹೋಗಬೇಕಾಗಿಲ್ಲ. ಚಿಂಚೋಳಿ ಎಂಐಡಿಸಿಯ ಕಾರ್ಖಾನೆಯಲ್ಲಿ ದುಡಿಯುವವರು ರಜೆಯ ದಿನ ಬೆಳಿಗ್ಗೆ ಹೊರಟರೆ ನೂರು ಕಿಲೋಮೀಟರಿನ ಆಚೀಚೆ ವಿಜಯಪುರ. ಗೋಳಗುಮ್ಮಟದ ಮುಂದಿನ ನಗಾರಖಾನೆಯಲ್ಲಿ 1892ರಲ್ಲಿ ಆರಂಭವಾದ ವಸ್ತುಸಂಗ್ರಹಾಲಯದಲ್ಲಿ ಅದಿದೆ. ಗುಮ್ಮಟದೊಳಗೆ ಕೂಗಿ ಪ್ರತಿಧ್ವನಿ ಕೇಳುವ ಅವಸರದವರು ಅದನ್ನು ನೋಡದೆ ಮುಂದೆ ಹೋದಾರು.

ಅಟ್ಟದಲ್ಲಿ ಅಜ್ಜಿಯ ಕಾಲದ ಹಸಿರು ಬಟ್ಟಲಿದ್ದವರು ಗುಜರಿಗೆ ಹಾಕುವ ಮುನ್ನ ಒಮ್ಮೆ ಮಗುಚಿ ನೋಡಲಿ. ಲುಂಗ್‌ಚುವಾನಿನ ಪಾತ್ರೆಗಳಲ್ಲಿ ಮೆರುಗು ತಾಗದ ಅಡಿಯ ಅಂಚು ಬೆಂದು ಇಟ್ಟಿಗೆಗೆಂಪಾಗಿರುವುದುಂಟು.