ಎಲೆಯ ರಸದ ಬೆಳ್ಳಿ ಪಾದ ಉಳಿಸೀತೇ?

ಹಾನಗಲ್ಲಿನ ಭತ್ತದ ಗದ್ದೆಯಲ್ಲಾಗಲಿ ಹಿರೇಕೆರೂರಿನ ಗೋವಿನಜೋಳದ ಹೊಲದಲ್ಲಾಗಲಿ ಬರಿಗಾಲಲ್ಲಿ ದುಡಿಯುವವರಿಗೆ ಮುಳ್ಳು, ಕೂಳೆ ಚುಚ್ಚುವುದು ಹೊಸದಲ್ಲ. ಆದರೆ ಸಕ್ಕರೆ ಕಾಯಿಲೆ ಹಳೆಯದಾಗಿ ಪಾದ ಜೋಮುಗಟ್ಟಿದವರಿಗೆ ಚುಚ್ಚಿದ್ದೇ ಗೊತ್ತಾಗುವುದಿಲ್ಲ. ಚಪ್ಪಲಿಗೆ ಕೀವು ಅಂಟಿದಾಗಲೋ ಮನೆಯವರಿಗೆ ವಾಸನೆ ಬಡಿದಾಗಲೋ ಗಾಯ ಕಣ್ಣಿಗೆ ಬೀಳುತ್ತದೆ. ಅಷ್ಟರಲ್ಲಿ ಸೋಂಕು ಎಲುಬಿಗೆ ಇಳಿದಿರುವುದೂ ಉಂಟು. ಶಿಗ್ಗಾಂವಿ, ಸವಣೂರಿನ ಕಡೆಯವರು ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆ‌ಗೆ ಓಡುವುದು ಆಗಲೇ. ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ ಎಂದು ಐಸಿಎಂಆರ್ ಅಧ್ಯಯನ 2023ರಲ್ಲಿ ಅಂದಾಜಿಸಿತು. ನಮ್ಮ ಕಡೆಯ ಪಾದದ ಹುಣ್ಣುಗಳಲ್ಲಿ ಹೆಚ್ಚಾಗಿ ಸಿಗುವ ಸ್ಯೂಡೋಮೊನಾಸ್, ಇ. ಕೊಲೈ, ಕ್ಲೆಬ್ಸಿಯೆಲ್ಲಾಗಳು ಲೋಳೆಯ ಪೊರೆ ಕಟ್ಟಿಕೊಂಡು ಅದರ ಮರೆಯಲ್ಲಿ ಬದುಕುತ್ತವೆ. ರಕ್ತ ಸರಿಯಾಗಿ ಹರಿಯದ ಪಾದಕ್ಕೆ ಆ್ಯಂಟಿಬಯೋಟಿಕ್ ಸಾಕಷ್ಟು ತಲುಪುವುದೂ ಇಲ್ಲ. ಗಾಯದ ಮೇಲೆಯೇ ಹಚ್ಚುವ, ಪರಿಸರಕ್ಕೂ ಹೊರೆಯಾಗದ ಮದ್ದಿನ ಹುಡುಕಾಟಕ್ಕೆ ಬಲ ಬಂದದ್ದು ಹೀಗೆ.

ಹುಡುಕಾಟದ ಒಂದು ಎಳೆ ಕನ್ನಡಿಗರೂ ನೆಲೆಸಿರುವ ಸೊಲ್ಲಾಪುರದ್ದು. ಅಲ್ಲಿನ ಶಸ್ತ್ರವೈದ್ಯ ಎಂ. ಸುಬ್ರಹ್ಮಣ್ಯಂ ಸುಟ್ಟಗಾಯದ 104 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಜೇನುತುಪ್ಪ, ಇನ್ನೊಂದಕ್ಕೆ ಬೆಳ್ಳಿಯ ಮುಲಾಮು ಸಿಲ್ವರ್ ಸಲ್ಫಾಡಯಾಜಿನ್ ಹಚ್ಚಿ, ಫಲಿತಾಂಶವನ್ನು 1991ರಲ್ಲಿ ಪ್ರಕಟಿಸಿದರು. ಏಳು ದಿನಗಳಲ್ಲಿ ಜೇನು ಹಚ್ಚಿದ ಗಾಯಗಳ ಪೈಕಿ ಶೇ 91ರಷ್ಟು ಸೋಂಕುಮುಕ್ತವಾದವು. ಮುಲಾಮಿನ ಗುಂಪಿನಲ್ಲಿ ಸುಮಾರು ಶೇ 7 ಮಾತ್ರ. ಇನ್ನೊಂದು ಎಳೆ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ್ದು. ಮುರಳಿ ಸಾಸ್ತ್ರಿ ಅವರ ತಂಡ 2004ರಲ್ಲಿ ಬೇವಿನ ಎಲೆಯ ಕಷಾಯದಿಂದಲೇ, ಬ್ಯಾಕ್ಟೀರಿಯಾ ಕೊಲ್ಲಬಲ್ಲ ಬೆಳ್ಳಿಯ ಅತಿಸೂಕ್ಷ್ಮ ಕಣ, ಅಂದರೆ ನ್ಯಾನೊಕಣ, ತಯಾರಿಸಿ ತೋರಿಸಿತು. ಸಿಲ್ವರ್ ನೈಟ್ರೇಟ್ ದ್ರಾವಣಕ್ಕೆ ಎಲೆಯ ರಸ ಬಿದ್ದರೆ ತಿಳಿಹಳದಿ ಬಣ್ಣ ಕ್ರಮೇಣ ಕಂದಾಗುತ್ತದೆ: ಸಸ್ಯದ ಪಾಲಿಫಿನಾಲ್‌ಗಳು ಬೆಳ್ಳಿಯ ಅಯಾನನ್ನು ಲೋಹದ ಕಣವಾಗಿಸಿದ ಗುರುತು ಅದು. ಸೋಡಿಯಂ ಬೋರೋಹೈಡ್ರೈಡ್‌ನಂಥ ಕಟು ರಾಸಾಯನಿಕ ಬೇಕಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಯೋಗಾಲಯಗಳೂ ಈ ದಾರಿ ಹಿಡಿದಿವೆ. ಸವಣೂರಿಗೆ ಹೆಸರು ತಂದ ವೀಳ್ಯದೆಲೆಯ ಜಾತಿಯಿಂದಲೂ ಇಂಥ ಕಣಗಳನ್ನು ಸಂಶೋಧಕರು ಮಾಡಿದ್ದಾರೆ.

ಇಷ್ಟಕ್ಕೇ ಈ ಬೆಳ್ಳಿಯ ಕಣಗಳನ್ನು ಹಸಿರು ಮದ್ದು ಎನ್ನಲು ನಾನು ಒಪ್ಪಲಾರೆ. ಹಸಿರು ಎಂಬುದು ಇಲ್ಲಿ ತಯಾರಿಕೆಯ ಗುಣ, ಮದ್ದಿನದಲ್ಲ. ಎಲೆಯಿಂದ ಹುಟ್ಟಿದರೂ ಬೆಳ್ಳಿ ಬೆಳ್ಳಿಯೇ. ಗಾಯ ತೊಳೆದ ನೀರಿನೊಡನೆ ಚರಂಡಿ ಸೇರಿ ಕೆರೆಗೆ ಇಳಿದರೆ ಜಲಜೀವಿಗಳಿಗೆ ವಿಷ. ಬ್ಯಾಕ್ಟೀರಿಯಾ ಅದಕ್ಕೂ ಒಗ್ಗಿಕೊಳ್ಳಬಲ್ಲದು: ಬೆಳ್ಳಿಗೆ ಜಗ್ಗದ ಸಾಲ್ಮೊನೆಲ್ಲಾ 1975ರಲ್ಲೇ ಅಮೆರಿಕದ ಸುಟ್ಟಗಾಯದ ವಾರ್ಡೊಂದರಿಂದ ವರದಿಯಾಗಿತ್ತು. ಮಳೆಗಾಲದ ಎಲೆಗೂ ಬೇಸಿಗೆಯ ಎಲೆಗೂ ಸತ್ವ ಬೇರೆ, ಹಾಗಾಗಿ ಪ್ರತಿ ಸಲವೂ ಒಂದೇ ಗಾತ್ರದ ಕಣ ಸಿಗುವ ಖಾತರಿಯಿಲ್ಲ. ಸೊಲ್ಲಾಪುರದ ಫಲಿತಾಂಶವನ್ನೂ ನೇರವಾಗಿ ಇಲ್ಲಿಗೆ ತರಲಾಗದು; ಅವು ಸುಟ್ಟಗಾಯಗಳು, ರಕ್ತ ಹರಿಯದ ಪಾದಗಳಲ್ಲ. ಮಧುಮೇಹಿ ಪಾದದ ಅಂತರರಾಷ್ಟ್ರೀಯ ಕಾರ್ಯತಂಡವಂತೂ 2023ರ ಮಾರ್ಗಸೂಚಿಯಲ್ಲಿ ಬೆಳ್ಳಿ, ಜೇನು ಎರಡನ್ನೂ ಬಳಸಬೇಡಿ ಎಂದಿದೆ, ಪುರಾವೆ ಸಾಲದೆಂಬ ಕಾರಣಕ್ಕೆ.

ಹಾಗಾದರೆ ಈ ಸಂಶೋಧನೆಯೇ ವ್ಯರ್ಥವೇ ಎಂದು ಕೇಳಬಹುದು. ಅಲ್ಲ. ಪುರಾವೆ ಸಾಲದು ಎಂಬುದಕ್ಕೂ ಮದ್ದು ಕೆಲಸ ಮಾಡದು ಎಂಬುದಕ್ಕೂ ಅಂತರವಿದೆ. ಸಾಲದ ಪುರಾವೆಯನ್ನು ಒದಗಿಸುವುದು ನಮ್ಮ ಕೆಲಸ. ಪ್ರಯೋಗಾಲಯದ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಸತ್ತ ದುಂಡನೆಯ ಜಾಗವನ್ನು ಅಳೆದು ಸುಮ್ಮನಾದರೆ ಹಿರೇಕೆರೂರಿನ ರೈತನಿಗೆ ಅದರಿಂದ ಏನೂ ದಕ್ಕದು. ಈ ನಾಲ್ಕು ತಾಲ್ಲೂಕುಗಳ ರೋಗಿಗಳ ಗಾಯದಿಂದಲೇ ತೆಗೆದ ಕೀವಿನ ಮೇಲೆ ಪರೀಕ್ಷೆಯಾಗಬೇಕು, ಗಾಯ ಮಾಯಲು ಎಷ್ಟು ವಾರ ಹಿಡಿಯಿತು, ಎಷ್ಟು ಕಾಲು ಉಳಿದವು ಎಂಬುದೇ ಲೆಕ್ಕಕ್ಕೆ ಬರಬೇಕು, ತೊಳೆದ ನೀರಿನ ಬೆಳ್ಳಿಯನ್ನೂ ಅಳೆಯಬೇಕು. ಅಲ್ಲಿಯವರೆಗೆ ಅರಿಸಿನ, ಎಲೆಯ ರಸವನ್ನು ತೆರೆದ ಹುಣ್ಣಿಗೆ ತಾವೇ ಮೆತ್ತಿಕೊಳ್ಳುವುದು ಅಪಾಯ. ಸತ್ತ ಚರ್ಮ ಕತ್ತರಿಸಿ ತೆಗೆಯುವುದು, ಗಾಯದ ಮೇಲೆ ಭಾರ ಬೀಳದಂತೆ ಪಾದರಕ್ಷೆ ಮಾಡಿಸುವುದು, ರಕ್ತದ ಹರಿವು ನೋಡುವುದು ಮೊದಲು. ಹತ್ತು ಗ್ರಾಂ ಒತ್ತಡದ ನೈಲಾನ್ ಎಳೆಯನ್ನು ಅಂಗಾಲಿಗೆ ಮುಟ್ಟಿಸಿ ಸ್ಪರ್ಶ ಗೊತ್ತಾಗುತ್ತದೆಯೇ ಎಂದು ಕೇಳುವ ಪರೀಕ್ಷೆಗೆ ಕೆಲವೇ ನಿಮಿಷ ಸಾಕು; ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್ ಅದನ್ನು ಮಾಡಬಲ್ಲರು.